ಡೈಪರ್ ಬ್ಯಾಗ್ ಕೊಳ್ಳುವ ಮುಂಚೆ ಒಂದು ಕೈ ಕಟ್ಟಿಕೊಂಡು ನೋಡಿ

ಪಾಪು ಹುಟ್ಟುವುದಕ್ಕೆ ಎರಡು ತಿಂಗಳು ಇರುವಾಗಲೇ ನಾನು ಡೈಪರ್ ಬ್ಯಾಗ್ ತಗೊಂಡಿದ್ದೆ. ತಿಳಿ ಗುಲಾಬಿ ಬಣ್ಣ, ಚಿನ್ನದ ಬಣ್ಣದ ಜಿಪ್, ಒಂದೇ ಹೆಗಲಿಗೆ ನೇತು ಹಾಕಿಕೊಳ್ಳುವಂಥದ್ದು. ಫೋಟೋ ನೋಡಿದವರಿಗೆಲ್ಲ ಆಸೆಯಾಗಬೇಕು, ಹಾಗಿತ್ತು. ಈಗ ಅದು ನಮ್ಮನೆ ಅಟ್ಟದ ಮೇಲಿದೆ. ಒಳಗೆ ಹಳೇ ಸ್ವೆಟರ್‌ಗಳಿವೆ.

ಅದು ಅಟ್ಟ ಸೇರಿದ್ದಕ್ಕೆ ಕಾರಣ ಒಂದೇ ಒಂದು ಬೆಳಿಗ್ಗೆ. ರಜೆ ಮುಗಿಸಿ ಕೆಲಸಕ್ಕೆ ಹೊರಟ ಮೊದಲ ವಾರ. ಡೇ ಕೇರ್ ಇದ್ದದ್ದು ಆಫೀಸಿನ ಪಕ್ಕದ ರಸ್ತೆಯಲ್ಲಿ, ಹಾಗಾಗಿ ದಿನಾ ಮಗುವನ್ನೂ ಕರೆದುಕೊಂಡೇ ಹೋಗಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಹತ್ತಿರ ಆಟೋ ನಿಂತಿತು, ನಿಂತಿತು ಅಂದರೆ ನಿಂತೇಬಿಟ್ಟಿತು. ಅಷ್ಟರಲ್ಲಿ ಪಾಪು ಕಕ್ಕ ಮಾಡಿತು, ಅದೂ ಡೈಪರ್ ದಾಟಿ ಬೆನ್ನವರೆಗೂ. ಎಡಗೈಯಲ್ಲಿ ಮಗು, ಬಲಗೈ ಬ್ಯಾಗಿನೊಳಗೆ. ಆ ಬ್ಯಾಗೋ ಬಾವಿ ಇದ್ದ ಹಾಗೆ, ವೈಪ್ಸ್ ಎಲ್ಲೋ ತಳದಲ್ಲಿದೆ, ಮೇಲೆ ಲ್ಯಾಪ್‌ಟಾಪ್, ಅದರ ಮೇಲೆ ಟಿಫಿನ್ ಡಬ್ಬಿ. ತಡಕಾಡುವಾಗ ಬ್ಯಾಗ್ ಸೀಟಿನಿಂದ ಜಾರಿ ಮಗುಚಿಕೊಂಡಿತು, ಹಾಲಿನ ಬಾಟಲಿಯ ಮುಚ್ಚಳ ಸಡಿಲವಾಗಿತ್ತು, ಮುಂದಿನದು ನಿಮಗೇ ಗೊತ್ತು. ಆಟೋದವರು ಹಿಂದೆ ತಿರುಗಿ ಒಂದು ಬಟ್ಟೆ ಕೊಟ್ಟರು. "ತಗೊಳ್ಳಿ ಮೇಡಂ, ಬೆಳಿಗ್ಗೆ ಒಗ್ದಿದ್ದು" ಅಂದರು. ಲ್ಯಾಪ್‌ಟಾಪ್ ಒರೆಸಿದ್ದು ಆ ಬಟ್ಟೆಯಿಂದಲೇ.

ಅವತ್ತು ಅರ್ಥವಾಯಿತು. ಬ್ಯಾಗ್ ಆರಿಸುವಾಗ ನಾವು ಎರಡೂ ಕೈ ಬಳಸುತ್ತೇವೆ. ಬಳಸುವಾಗ ಇರುವುದು ಒಂದೇ ಕೈ.

ಹಾಗಾಗಿ ಅಂಗಡಿಗೆ ಹೋದಾಗ ಹೀಗೆ ಮಾಡಿ. ಮಗು ಜೊತೆಗಿದ್ದರೆ ಎತ್ತಿಕೊಂಡೇ ನೋಡಿ. ಇನ್ನೂ ಹುಟ್ಟಿಲ್ಲ ಅಂದರೆ ಇನ್ನೊಂದು ತುಂಬಿದ ಬ್ಯಾಗನ್ನು ಎಡಗೈಯಲ್ಲಿ ಅವುಚಿಕೊಳ್ಳಿ, ಜನ ನೋಡಿದರೆ ನೋಡಲಿ. ಬಲಗೈಯೊಂದರಲ್ಲೇ ಜಿಪ್ ತೆರೆಯಿರಿ, ಒಂದು ಸಾಮಾನು ತೆಗೆಯಿರಿ, ಮತ್ತೆ ಜಿಪ್ ಹಾಕಿ, ಎತ್ತಿ ಹೆಗಲಿಗೆ ಏರಿಸಿ. ಜಿಪ್ ಎಳೆಯುವಾಗ ಬ್ಯಾಗೇ ಜೊತೆಗೆ ಬಂದರೆ ಅದನ್ನು ಅಲ್ಲೇ ಬಿಟ್ಟುಬನ್ನಿ. ಆನ್‌ಲೈನಲ್ಲಿ ತರಿಸಿದ್ದರೆ ಟ್ಯಾಗ್ ಕೀಳಬೇಡಿ. ಮನೆಯಲ್ಲಿ 5 ಕೆಜಿ ಅಕ್ಕಿ ಚೀಲ ಎತ್ತಿಕೊಂಡು ಇದನ್ನೇ ಮಾಡಿ ನೋಡಿ. ಐದಾರು ತಿಂಗಳ ಮಗು ಅದಕ್ಕಿಂತ ಜಾಸ್ತಿಯೇ ತೂಗುತ್ತದೆ, ಸಾಲದ್ದಕ್ಕೆ ಅಕ್ಕಿ ಚೀಲ ನಿಮ್ಮ ಜುಟ್ಟು ಎಳೆಯುವುದಿಲ್ಲ.

ನಮ್ಮಮ್ಮ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದರು. ನಾನು ಕೈಗೂಸಾಗಿದ್ದಾಗ ಅವರು ಒಯ್ಯುತ್ತಿದ್ದದ್ದು ಒಂದು ವೈರ್ ಬುಟ್ಟಿ, ಅದೇ ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದದ್ದು, ಆಗ ಮನೆಮನೆಯಲ್ಲೂ ಇರುತ್ತಿತ್ತಲ್ಲ. ನನ್ನ ಗುಲಾಬಿ ಬ್ಯಾಗಿನ ಕಥೆ ಕೇಳಿ ಅವರು ನಕ್ಕು, "ನಂದು ಬುಟ್ಟಿ ಕಣೇ, ಇಟ್ಟ ಕಡೆ ಕೂತಿರ್ತಿತ್ತು" ಅಂದರು. ಯೋಚನೆ ಮಾಡಿದರೆ ಸರಿಯಾದ ಮಾತು. ಬುಟ್ಟಿಯ ಬಾಯಿ ಅಗಲ, ಒಳಗಿರುವುದೆಲ್ಲ ಮೇಲಿಂದಲೇ ಕಾಣುತ್ತದೆ. ನೆಲಕ್ಕಿಟ್ಟರೆ ಬೀಳುವುದಿಲ್ಲ. ಒದ್ದೆಯಾದರೆ ಕೊಡವಿದರಾಯಿತು. ಡೈಪರ್ ಬ್ಯಾಗಿನಲ್ಲಿ ಹುಡುಕಬೇಕಾದದ್ದು ಇವೇ ಮೂರು. ಉಳಿದದ್ದೆಲ್ಲ ಜಾಹೀರಾತು.

ಬಾಯಿ ಅಗಲ ಅಂದರೆ, ಮೇಲಿನ ಜಿಪ್ ಎರಡೂ ಪಕ್ಕಕ್ಕೆ ಇಳಿದು ಬ್ಯಾಗ್ ಡಬ್ಬಿಯ ಥರ ತೆರೆದುಕೊಳ್ಳಬೇಕು. ಕೆಲವು ಬ್ಯಾಗ್‌ಗಳ ಬಾಯಿಗೆ ಒಳಗಿಂದ ಕಂಬಿ ಕೊಟ್ಟಿರುತ್ತಾರೆ, ತೆರೆದರೆ ತೆರೆದ ಹಾಗೇ ನಿಲ್ಲುತ್ತದೆ. ಅದು ನಿಜಕ್ಕೂ ಉಪಯೋಗದ್ದು. ತಳ ಚಪ್ಪಟೆಯಾಗಿ ಗಟ್ಟಿಯಾಗಿರಬೇಕು. ಖಾಲಿ ಬ್ಯಾಗನ್ನು ನೆಲದ ಮೇಲಿಡಿ, ಕೂತರೆ ಸರಿ, ಒರಗಿದರೆ ಬೇಡ.

ಒಳಗಿನ ಬಟ್ಟೆ ತಿಳಿ ಬಣ್ಣದ್ದಿರಲಿ, ಹೊರಗಿನದು ಗಾಢ ಬಣ್ಣದ್ದು. ಅಂಗಡಿಯಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಒಳಗೆ ಕಪ್ಪಗಿದ್ದರೆ ಸಂಜೆ ಏಳು ಗಂಟೆಗೆ ಕ್ಯಾಬಿನಲ್ಲಿ ಕೂತು ಬಾಟಲಿಯ ನಿಪ್ಪಲ್ ಹುಡುಕುವಾಗ ಕಣ್ಣಲ್ಲಿ ನೀರು ಬರುತ್ತದೆ. ಬಣ್ಣದ ವಿಷಯದಲ್ಲಿ ಇನ್ನೂ ಒಂದು ಮಾತು. ಗಂಡ ಹೊರಲು ನಾಚುವಂಥ ಬ್ಯಾಗ್ ತಗೊಂಡರೆ ಅದನ್ನು ಕೊನೆವರೆಗೂ ನೀವೇ ಹೊರಬೇಕಾಗುತ್ತದೆ. ನಮ್ಮನೆಯಲ್ಲಿ ಹಾಗೇ ಆಯಿತು. ಈಗಿರುವುದು ಬೂದು ಬಣ್ಣದ್ದು, ನೋಡುವುದಕ್ಕೆ ಕಾಲೇಜು ಹುಡುಗರ ಬ್ಯಾಗ್ ಥರ. ಇವರು ಚಕಾರ ಎತ್ತದೆ ಹಾಕಿಕೊಂಡು ಹೋಗುತ್ತಾರೆ.

ಒಂದೇ ಹೆಗಲಿನದ್ದೋ ಬೆನ್ನಿಗೆ ಹಾಕುವುದೋ ಅಂತ ತುಂಬ ಜನ ಕೇಳುತ್ತಾರೆ. ಬೆನ್ನಿಗೆ ಹಾಕುವುದು. ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ, ಒಂದೇ ಹೆಗಲಿನ ಬ್ಯಾಗ್ ಮಗುವನ್ನು ಬಗ್ಗಿ ಎತ್ತುವಾಗ ಜಾರಿ ನೇರ ಮಗುವಿನ ಮೇಲೆ ಬರುತ್ತದೆ. ಆದರೆ ಮೇಲ್ಗಡೆ ಗಟ್ಟಿಯಾದ ಒಂದು ಕೈಹಿಡಿ ಇರಲೇಬೇಕು. ಮೆಟ್ರೋದಲ್ಲಿ ಹೋಗುವವರಿಗೆ ಇದು ಗೊತ್ತಾಗುತ್ತದೆ. ಬ್ಯಾಗನ್ನು ಸ್ಕ್ಯಾನರ್ ಬೆಲ್ಟ್ ಮೇಲೆ ಹಾಕಿ, ಮಗುವನ್ನು ಎತ್ತಿಕೊಂಡು ತಪಾಸಣೆ ಮುಗಿಸಿ ಆ ಕಡೆ ಬಂದರೆ, ಹಿಂದಿನವರ ಬ್ಯಾಗ್‌ಗಳು ನಿಮ್ಮದನ್ನು ತಳ್ಳುತ್ತಾ ಇರುತ್ತವೆ. ಆಗ ಪಟ್ಟಿ ಹುಡುಕುತ್ತಾ ನಿಂತರೆ ಆಗುವುದಿಲ್ಲ, ಒಂದೇ ಏಟಿಗೆ ಎತ್ತಬೇಕು.

ಸ್ಕೂಟರ್‌ನವರು ಬ್ಯಾಗಿನ ಎತ್ತರ ನೋಡಿಕೊಳ್ಳಿ. ಮುಂದಿನ ಕೊಕ್ಕೆಗೆ ಹಾಕಿದಾಗ ಅದು ಹ್ಯಾಂಡಲ್‌ಗೆ ತಗಲಬಾರದು. ಬೆನ್ನಿಗೆ ಹಾಕಿಕೊಂಡರೆ ಹಿಂದೆ ಮಗು ಹಿಡಿದು ಕೂತವರಿಗೆ ಜಾಗ ಇರುವುದಿಲ್ಲ. ಹಾಗೇ ನೆನಪಿರಲಿ, 2022ರಲ್ಲಿ ಕೇಂದ್ರ ತಂದ ನಿಯಮದ ಪ್ರಕಾರ ನಾಲ್ಕು ವರ್ಷದೊಳಗಿನ ಮಗು ದ್ವಿಚಕ್ರ ವಾಹನದಲ್ಲಿದ್ದರೆ ಓಡಿಸುವವರಿಗೆ ಮಗುವನ್ನು ಬಿಗಿಯುವ ಸುರಕ್ಷಾ ಪಟ್ಟಿ ಕಟ್ಟಬೇಕು, 9 ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಬೇಕು, ಗಾಡಿ ಗಂಟೆಗೆ 40 ಕಿಮೀ ಮೀರಬಾರದು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕೊನೆಯದನ್ನು ಮುರಿಯಬೇಕು ಅಂದರೂ ಆಗುವುದಿಲ್ಲ ಬಿಡಿ.

ಬಟ್ಟೆ ವಿಷಯ. ರೆಗ್ಜಿನ್ ಬೇಡ, ನೋಡಲು ಲೆದರ್ ಥರ ಚಂದ ಇರುತ್ತದೆ, ಸ್ವಲ್ಪ ದಿನಕ್ಕೇ ಸಿಪ್ಪೆ ಏಳುತ್ತದೆ. ಕ್ಯಾನ್ವಾಸ್ ಗಟ್ಟಿ, ಆದರೆ ಒಗೆದರೆ ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಒಳಗೆ ನೀರು ಇಳಿಯದಂಥ ಲೇಪ ಇರುವ ಪಾಲಿಯೆಸ್ಟರ್ ಅಥವಾ ನೈಲಾನ್ ಸಾಕು. ಮೇಲೆ ನಾಲ್ಕು ಹನಿ ನೀರು ಹಾಕಿ, ಮಣಿಯ ಥರ ಉರುಳಿ ಹೋದರೆ ಒಳ್ಳೆಯದು. ಬ್ಯಾಗ್ ಹಾಳಾಗುವುದು ಬಟ್ಟೆಯಿಂದ ಅಲ್ಲ, ಜಿಪ್ಪಿನಿಂದ ಮತ್ತು ಪಟ್ಟಿ ಸೇರುವ ಜಾಗದ ಹೊಲಿಗೆಯಿಂದ. ಜಿಪ್ಪಿನ ಹಲ್ಲು ದಪ್ಪಗಿರಲಿ, ಎರಡು ರನ್ನರ್ ಇರಲಿ. ರನ್ನರ್ ಕೈಕೊಟ್ಟರೆ ಬ್ಯಾಗ್ ಬಿಸಾಡಬೇಡಿ, ಮಾರ್ಕೆಟ್ ಹತ್ತಿರ ಫುಟ್‌ಪಾತ್ ಮೇಲೆ ಕೂತು ಬ್ಯಾಗ್ ರಿಪೇರಿ ಮಾಡುವವರು ಹತ್ತೇ ನಿಮಿಷದಲ್ಲಿ ಬೇರೆ ಹಾಕಿಕೊಡುತ್ತಾರೆ. ಹೊಸ ಬ್ಯಾಗನ್ನೇ ಒಮ್ಮೆ ಅವರ ಹತ್ತಿರ ಒಯ್ದು ಪಟ್ಟಿ ಸೇರುವ ಕಡೆ ಇನ್ನೊಂದು ಸಾಲು ಹೊಲಿಗೆ ಹಾಕಿಸಿದರೆ ಇನ್ನೂ ಒಳ್ಳೆಯದು. ನಾನು ಹಾಕಿಸಿದ್ದೇನೆ.

ಗಾತ್ರ 20ರಿಂದ 25 ಲೀಟರ್ ಸಾಕು. ದೊಡ್ಡ ಬ್ಯಾಗ್ ತಗೊಂಡರೆ ಅದನ್ನು ತುಂಬಿಸುತ್ತೀರಿ, ತುಂಬಿಸಿದರೆ ಹೊರುತ್ತೀರಿ. ಖಾಲಿ ಬ್ಯಾಗೇ ಒಂದು ಕೆಜಿ ದಾಟಿದರೆ ವಾಪಸ್ ಇಡಿ. ಪಾಕೆಟ್ ಹದಿನೆಂಟು, ಇಪ್ಪತ್ತು ಅಂತ ಬರೆದಿರುತ್ತಾರೆ. ಹದಿನೆಂಟು ಪಾಕೆಟ್ ಇದ್ದರೆ ಹದಿನೆಂಟು ಕಡೆ ಹುಡುಕಬೇಕು, ಅಷ್ಟೇ. ಪಕ್ಕಕ್ಕೆ ಎರಡು, ಮುಂದೊಂದು, ಬೆನ್ನ ಕಡೆ ಫೋನಿಗೆ ದುಡ್ಡಿಗೆ ಒಂದು, ಒಳಗೆ ಎರಡು. ಸ್ಟ್ರಾಲರ್‌ಗೆ ನೇತು ಹಾಕುವ ಕೊಕ್ಕೆ ಉಚಿತ ಅಂತ ಹೇಳಿ ಬೆಲೆ ಏರಿಸಿದ್ದರೆ ಒಮ್ಮೆ ನಿಮ್ಮ ಬೀದಿಯ ಫುಟ್‌ಪಾತ್ ನೆನಪಿಸಿಕೊಳ್ಳಿ.

ನಿಜ ಹೇಳಬೇಕು ಅಂದರೆ ಡೈಪರ್ ಬ್ಯಾಗ್ ಅಂತ ಹೆಸರಿದ್ದದ್ದೇ ಬೇಕು ಅಂತಿಲ್ಲ. ಹೆಸರಿಗೇ ಐನೂರು ರೂಪಾಯಿ ಜಾಸ್ತಿ. ಚಿಕ್ಕಪೇಟೆ, ಜಯನಗರ 4ನೇ ಬ್ಲಾಕ್, ಮಲ್ಲೇಶ್ವರ 8ನೇ ಕ್ರಾಸ್, ಯಾವ ಕಡೆಯಾದರೂ ಮಾಮೂಲಿ ಬ್ಯಾಗ್ ಅಂಗಡಿಗೆ ಹೋಗಿ ಮೇಲೆ ಹೇಳಿದ್ದೆಲ್ಲ ನೋಡಿ ಆರಿಸಿ. ನನ್ನ ಬೂದು ಬ್ಯಾಗ್‌ಗೆ ಕೊಟ್ಟದ್ದು 1,400 ರೂಪಾಯಿ. ಹಾಲಿಗೆ ಅಂತ ತಂಪು ಕಾಯುವ ಪುಟ್ಟ ಚೀಲ ಬೇರೆ ತಗೊಂಡೆ.

ಈ ಪುಟ್ಟ ಚೀಲದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಆಫೀಸಿಗೆ ಹೋಗುವ ತಾಯಿಗೆ ಡೈಪರ್‌ಗಿಂತ ದೊಡ್ಡ ತಲೆನೋವು ಹಾಲು. ಪಂಪ್ ಮಾಡಿದ ಎದೆಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ. ಫ್ರಿಜ್ಜಿನಲ್ಲಿ ನಾಲ್ಕು ದಿನ. ಐಸ್ ಪ್ಯಾಕ್ ಇಟ್ಟ ತಂಪು ಚೀಲದಲ್ಲಿ 24 ಗಂಟೆವರೆಗೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಊರುಗಳಲ್ಲಿ ಕೋಣೆ ಎಲ್ಲಿ 25 ಡಿಗ್ರಿ ಇರುತ್ತದೆ ಹೇಳಿ, ಅದಕ್ಕೇ ಹೊರಗಿಡುವ ಯೋಚನೆಯೇ ಬೇಡ. ಆಫೀಸಿನಲ್ಲಿ ಪಂಪ್ ಮಾಡಿ ಫ್ರಿಜ್ಜಿನಲ್ಲಿಡಿ, ಸಂಜೆ ಐಸ್ ಪ್ಯಾಕ್ ಜೊತೆ ಚೀಲಕ್ಕೆ ಹಾಕಿಕೊಳ್ಳಿ. ಬಾಟಲಿಯ ಮೇಲೆ ಹೆಸರು, ದಿನಾಂಕ, ಗಂಟೆ ದೊಡ್ಡದಾಗಿ ಬರೆಯಿರಿ. ಹೆಸರು ಬರೆಯದಿದ್ದರೆ ಯಾರಾದರೂ ಕಾಫಿಗೆ ಹಾಕಿಕೊಂಡಾರು. ಬಿಸಿ ಮಾಡುವಾಗ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಡಿ, ಮೈಕ್ರೋವೇವ್ ಬೇಡ, ಅದರಲ್ಲಿ ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬಾಯಿ ಸುಡುವಷ್ಟು ಬಿಸಿಯಾಗಿರುತ್ತದೆ. ಮಗು ಕುಡಿದು ಉಳಿಸಿದ್ದನ್ನು ಎರಡು ಗಂಟೆಯೊಳಗೆ ಮುಗಿಸದಿದ್ದರೆ ಚೆಲ್ಲಿಬಿಡಿ. ಕಷ್ಟಪಟ್ಟು ಪಂಪ್ ಮಾಡಿದ್ದನ್ನು ಚೆಲ್ಲುವಾಗ ಕರುಳು ಚುರುಕ್ ಅನ್ನುತ್ತದೆ, ಆದರೂ ಚೆಲ್ಲಿ.

ಪುಡಿ ಹಾಲು ಕೊಡುವವರು ಕಲಸಿದ ಹಾಲನ್ನು ಒಯ್ಯಬೇಡಿ. ಪುಡಿಯನ್ನು ಅಳೆದು ಪುಟ್ಟ ಡಬ್ಬಿಗೆ ಹಾಕಿ, ಕುದಿಸಿದ ನೀರನ್ನು ಒಳ್ಳೆಯ ಫ್ಲಾಸ್ಕಿನಲ್ಲಿ ಬೇರೆ ಒಯ್ಯಿರಿ. ಪುಡಿ ಹಾಕುವಾಗ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಪುಡಿಯಲ್ಲೇ ಇರಬಹುದಾದ ಕೀಟಾಣು ಸಾಯಲಿ ಅಂತ. ಕಲಸಿದ ಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಆಮೇಲೆ ಕುಡಿಸಿ. ಎರಡು ಗಂಟೆ ದಾಟಿದ್ದನ್ನು ಕೊಡಬೇಡಿ.

ಆರು ತಿಂಗಳು ದಾಟಿದರೆ ರಾಗಿ ಸರಿ ಬರುತ್ತದೆ. ಸ್ಟೀಲ್ ಡಬ್ಬಿ, ಮುಚ್ಚಳಕ್ಕೆ ರಬ್ಬರ್ ಇರುವಂಥದ್ದು. ಅಜ್ಜಿ ಕೊಟ್ಟ ಬೆಳ್ಳಿ ಒಳಲೆ ಮನೆಯಲ್ಲೇ ಇರಲಿ, ಡೇ ಕೇರ್‌ನಲ್ಲಿ ಕಳೆದುಹೋದರೆ ಅಜ್ಜಿಗೆ ಉತ್ತರ ಕೊಡುವವರು ಯಾರು?

ಲ್ಯಾಪ್‌ಟಾಪ್ ಇದೇ ಬ್ಯಾಗಿನಲ್ಲಿ ಇಡಬಹುದಾ? ನಾನು ಇಡುತ್ತೇನೆ, ಎರಡೆರಡು ಬ್ಯಾಗ್ ಹೊತ್ತು ಮಗುವನ್ನೂ ಎತ್ತಿಕೊಳ್ಳುವುದು ಆಗದ ಮಾತು. ಆದರೆ ಬೆನ್ನ ಕಡೆ ಬೇರೆಯದೇ ಜಿಪ್ ಇರುವ ಅರೆ ಇರಬೇಕು. ದ್ರವ ಅನ್ನುವಂಥದ್ದು ಏನೇ ಇದ್ದರೂ ಆ ಜಿಪ್ಪಿನ ಆಚೆ ಕಡೆ, ಅದೂ ಇನ್ನೊಂದು ಚೀಲದೊಳಗೆ. ಸಿಲ್ಕ್ ಬೋರ್ಡ್ ಕಲಿಸಿದ ಪಾಠ.

ಇನ್ನು ಒಳಗೆ ಏನೇನು ಅಂತ. ಹೊರಗಿರುವ ಪ್ರತಿ ಮೂರು ಗಂಟೆಗೆ ಒಂದು ಡೈಪರ್, ಅದರ ಮೇಲೆ ಎರಡು. ವೈಪ್ಸ್ ದೊಡ್ಡ ಪ್ಯಾಕ್ ಅಲ್ಲ, ಚಿಕ್ಕದು, ಪಕ್ಕದ ಪಾಕೆಟ್‌ನಲ್ಲಿ, ಕಣ್ಣು ಮುಚ್ಚಿದರೂ ಕೈಗೆ ಸಿಗಬೇಕು. ಪಾಪುಗೆ ಎರಡು ಜೊತೆ ಬಟ್ಟೆ, ಒಂದೊಂದು ಜೊತೆಯೂ ಒಂದೊಂದು ಕವರಿನಲ್ಲಿ, ಅಂಗಿ ಚಡ್ಡಿ ಸಾಕ್ಸ್ ಎಲ್ಲ ಒಟ್ಟಿಗೆ. ಬ್ಯಾಗಿನ ಜೊತೆ ಕೊಡುವ ಹಾಸು ಯಾವಾಗಲೂ ಗಿಡ್ಡ, ಅದರ ಬದಲು ಮೀಟರ್ ಲೆಕ್ಕದಲ್ಲಿ ಸಿಗುವ ರಬ್ಬರ್ ಶೀಟ್ ತಂದು ಕತ್ತರಿಸಿಕೊಳ್ಳಿ. ಮೇಲೆ ಹಾಸುವುದಕ್ಕೆ ತಾತನ ಹಳೇ ಪಂಚೆಯ ತುಂಡು, ಅದಕ್ಕಿಂತ ಮೆತ್ತನೆಯದು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಒಂದು ಕುಲಾವಿ. ನಿಮಗೂ ಒಂದು ಟಾಪ್, ಇದನ್ನು ಎಲ್ಲರೂ ಮರೆಯುತ್ತಾರೆ, ಹೆಗಲ ಮೇಲೆ ಹುಳಿ ಹಾಲಿನ ವಾಸನೆ ಇಟ್ಟುಕೊಂಡು ಮೀಟಿಂಗಿನಲ್ಲಿ ಕೂರಬೇಕಾಗುತ್ತದೆ. ಕಾಟನ್ ದುಪಟ್ಟಾ ಒಂದಿದ್ದರೆ ಹಾಲೂಡಿಸುವಾಗ ಮರೆ, ಬಿಸಿಲಿಗೆ ಕೊಡೆ, ಏಸಿಯಲ್ಲಿ ಹೊದಿಕೆ, ಕೊನೆಗೆ ಒರೆಸುವ ಬಟ್ಟೆ, ನಾಲ್ಕೂ ಆಗುತ್ತದೆ.

ಹಳೇ ನ್ಯೂಸ್‌ಪೇಪರ್ ಎರಡು ಹಾಳೆ ಮಡಚಿ ಇಟ್ಟುಕೊಳ್ಳಿ. ಕೊಳೆ ಡೈಪರ್ ಸುತ್ತುವುದಕ್ಕೆ. ಬೆಂಗಳೂರಿನಲ್ಲಿ ಡೈಪರ್ ಹಸಿ ಕಸಕ್ಕೂ ಹೋಗುವುದಿಲ್ಲ, ಒಣ ಕಸಕ್ಕೂ ಹೋಗುವುದಿಲ್ಲ, ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಬೇರೆ ಕೊಡಬೇಕು. ಕಸ ಆಯುವವರು ಅದನ್ನು ಕೈಯಲ್ಲಿ ಬಿಚ್ಚಿ ನೋಡುವ ಹಾಗಾಗಬಾರದು, ಅಲ್ವಾ. ಒಂದು ಕೆಂಪು ಸ್ಕೆಚ್ ಪೆನ್ ಬ್ಯಾಗಿನಲ್ಲೇ ಹಾಕಿಬಿಡಿ. ಒದ್ದೆ ಬಟ್ಟೆಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ವಾಸನೆ ಹೊರಗೆ ಬಾರದಂಥದ್ದು. ಅದನ್ನು ರಾತ್ರಿ ತೆಗೆಯುವುದು ಮರೆತರೆ ಮಾರನೇ ದಿನ ಬ್ಯಾಗೇ ನೆನಪಿಸುತ್ತದೆ.

ಡೇ ಕೇರ್‌ಗೆ ದಿನಾ ಎಲ್ಲವನ್ನೂ ಹೊತ್ತೊಯ್ಯುವುದು ದಡ್ಡತನ, ನಾನು ಎರಡು ತಿಂಗಳು ಆ ದಡ್ಡತನ ಮಾಡಿದೆ. ಸೋಮವಾರ ಒಂದು ವಾರದ ಡೈಪರ್, ವೈಪ್ಸ್, ಮೂರು ಜೊತೆ ಬಟ್ಟೆ ಅಲ್ಲೇ ಕೊಟ್ಟುಬಿಡಿ, ಎಲ್ಲದರ ಮೇಲೂ ಹೆಸರು ಬರೆದು. ಬ್ಯಾಗ್ ಅರ್ಧ ಹಗುರವಾಗುತ್ತದೆ. ಬ್ಯಾಗ್ ತುಂಬುವ ಕೆಲಸ ಬೆಳಿಗ್ಗೆ ಬೇಡ, ಬೆಳಿಗ್ಗೆ ಕುಕ್ಕರ್ ಕೂಗುತ್ತಿರುತ್ತದೆ, ಮಗು ಅಳುತ್ತಿರುತ್ತದೆ, ಕ್ಯಾಬ್ ಬಂದು ನಿಂತಿರುತ್ತದೆ. ರಾತ್ರಿ ಊಟ ಆದ ಮೇಲೆ ತುಂಬಿ. ತುಂಬಿ ಅಂದರೆ ನೀವೇ ಅಂತಲ್ಲ. ನಮ್ಮನೆಯಲ್ಲಿ ಅದು ಇವರ ಕೆಲಸ. ಮೊದಲು ದಿನಾ "ಏನೇನು ಹಾಕ್ಬೇಕು?" ಅಂತ ಕೇಳುತ್ತಿದ್ದರು, ಕೇಳಿದಾಗಲೆಲ್ಲ ಹೇಳುವ ಕೆಲಸ ನನ್ನದಾಗುತ್ತಿತ್ತು. ಆಮೇಲೆ ಬ್ಯಾಗಿನ ಮುಚ್ಚಳದ ಒಳಗೆ ಪಟ್ಟಿ ಬರೆದು ಅಂಟಿಸಿದೆ. ಈಗ ಯಾರೂ ಯಾರನ್ನೂ ಕೇಳುವುದಿಲ್ಲ. ಅತ್ತೆ ಬಂದಿದ್ದರೆ ಅವರೂ ನೋಡಿ ತುಂಬುತ್ತಾರೆ, ಪಟ್ಟಿಯಲ್ಲಿಲ್ಲದ ಗ್ರೈಪ್ ವಾಟರ್ ಒಂದನ್ನು ಸೇರಿಸಿ. ನಾನು ಸುಮ್ನೆ ತೆಗೆದಿಡುತ್ತೇನೆ.

ಬ್ಯಾಗಿನ ಭಾರ ಇಳಿಸುವ ಇನ್ನೊಂದು ದಾರಿ ಕಾನೂನಿನಲ್ಲಿದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. 26 ವಾರ ಸಂಬಳ ಸಹಿತ ಹೆರಿಗೆ ರಜೆ ಬಂದದ್ದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ, ಅದು ಎಲ್ಲರಿಗೂ ಗೊತ್ತು. ಅದೇ ತಿದ್ದುಪಡಿಯಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಸೌಲಭ್ಯ ಇರಬೇಕು ಅಂತಲೂ ಬಂತು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತಲೂ ಬಂತು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು ಅನ್ನುವುದು ಅದಕ್ಕಿಂತ ಹಳೆಯದು. ಕೇಳಲು ಮುಜುಗರ ಪಡಬೇಡಿ. ನಾನು ಪಟ್ಟೆ, ಮೊದಲ ತಿಂಗಳು ಪಂಪ್ ಹಿಡಿದು ಸ್ಟೋರ್ ರೂಮಿನಲ್ಲಿ, ಹಳೇ ಪ್ರಿಂಟರ್‌ಗಳ ಮಧ್ಯೆ, ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಕೂರುತ್ತಿದ್ದೆ. ಎಚ್‌ಆರ್‌ಗೆ ಒಂದು ಮೇಲ್ ಹಾಕಿದೆ, ಎರಡು ವಾರಕ್ಕೆ ಚಿಲಕ ಇರುವ ಕೋಣೆ ಸಿಕ್ಕಿತು. ಮೊದಲೇ ಹಾಕಬಹುದಿತ್ತು.

ಭಾನುವಾರ ಬ್ಯಾಗನ್ನು ಪೂರ್ತಿ ಖಾಲಿ ಮಾಡಿ ತಲೆಕೆಳಗೆ ಮಾಡಿ ಕೊಡವಿ. ಒಳಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಜಿಪ್ ತೆರೆದೇ ಬಿಸಿಲಿಗೆ ಇಡಿ. ಡೈಪರ್ ಸೈಜನ್ನೂ ಆಗಲೇ ನೋಡಿಕೊಳ್ಳಿ, ಪ್ಯಾಕಿನ ಮೇಲೆ ಕೆಜಿ ಲೆಕ್ಕ ಇರುತ್ತದೆ. ಬ್ಯಾಗಿನ ತಳದಲ್ಲಿ ಹಿಂದಿನ ಸೈಜಿನವು ಉಳಿದುಕೊಂಡು ಬೇಕಾದಾಗ ಅದೇ ಕೈಗೆ ಬರುವುದು ನನಗೆ ಎರಡು ಸಲ ಆಗಿದೆ. ಹೋದ ಭಾನುವಾರ ನಮ್ಮ ಬ್ಯಾಗಿನಿಂದ ಬಂದದ್ದು ಇಷ್ಟು: ಮೆತ್ತಗಾದ ಎರಡು ಬಿಸ್ಕತ್ತು, ಆಟೋ ಚಿಲ್ಲರೆ 30 ರೂಪಾಯಿ, ನನ್ನ ಆಫೀಸಿನ ಐಡಿ ಕಾರ್ಡು, ಒಂದೇ ಕಾಲಿನ ಸಾಕ್ಸ್. ಐಡಿ ಕಾರ್ಡ್ ಕಳೆದಿದೆ ಅಂತ ಶುಕ್ರವಾರವೇ ಬರೆದುಕೊಟ್ಟಿದ್ದೆ.